ಕಣ್ಣು ಹೊರಳಿದರೂ ಲೋಕವೇಕೆ ಅಲುಗದು?

ಒಂದು ಕಣ್ಣು ಮುಚ್ಚಿ, ಇನ್ನೊಂದರ ಹೊರತುದಿಯನ್ನು ರೆಪ್ಪೆಯ ಮೇಲಿಂದ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಎದುರಿನ ಗೋಡೆಯೇ ಜರುಗಿದಂತೆ ಕಾಣುತ್ತದೆ. ನಾವಾಗಿ ಕಣ್ಣು ಹೊರಳಿಸಿದಾಗ ಮಾತ್ರ ಗೋಡೆ ನಿಂತಲ್ಲೇ ನಿಂತಿರುತ್ತದೆ. ಕಣ್ಣಿನೊಳಗಿನ ಚಿತ್ರ ಎರಡು ಸಲವೂ ಸರಿದಿರುತ್ತದಷ್ಟೆ! ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಈ ಒಗಟಿನ ಬಗ್ಗೆ ಬರೆದಿದ್ದರು. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಯುತ್ತದೆ. ದಿನವಿಡೀ ಕಡತ ಓದುವ ನನ್ನಂಥ ಗುಮಾಸ್ತನಿಗೆ ಪ್ರತಿ ಜಿಗಿತಕ್ಕೂ ಕಚೇರಿ ಅಲುಗಿದ್ದರೆ ಗತಿಯೇನು?

1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಷ್ಟೆಟ್, ಅಮೆರಿಕದ ಸ್ಪೆರ್ರಿ ಬೇರೆಬೇರೆಯಾಗಿ ಒಂದೇ ಊಹೆಗೆ ಬಂದರು. ಮಿದುಳು ಸ್ನಾಯುವಿಗೆ ಆಜ್ಞೆ ಹೊರಡಿಸುವಾಗಲೇ ಅದರ ನಕಲೊಂದನ್ನು ನೋಟದ ವಿಭಾಗಕ್ಕೂ ಕಳಿಸುತ್ತದೆ ಎಂಬುದು ಅದರ ಸಾರ. ಕಚೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ನಕಲನ್ನು ಕಂಡವರಾರು? ಹ್ಯೂಬೆಲ್ ಮತ್ತು ವೀಸೆಲ್ ಅವರಿಗೆ 1981ರ ನೊಬೆಲ್ ಬಹುಮಾನ ತಂದ ಪ್ರಯೋಗಗಳಲ್ಲಿ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಕಣ್ಣು ಅಲುಗದಂತೆ ಮಾಡಲಾಗುತ್ತಿತ್ತು. ಕಣ್ಣೇ ಹೊರಳದಿದ್ದರೆ ಹೊರಳುವುದರ ಗುಟ್ಟು ತಿಳಿಯುವುದೆಂತು?

ಅಮೆರಿಕದ ಬೆಥೆಸ್ಡಾದಲ್ಲಿ ರಾಬರ್ಟ್ ವುರ್ಟ್ಸ್ ಎಚ್ಚರವಿರುವ ಮಂಗಗಳನ್ನೇ ಪಳಗಿಸಿದರು. ಮಂಗ ಬೆಳಕಿನ ಚುಕ್ಕೆಯನ್ನು ದಿಟ್ಟಿಸಬೇಕು. ಚುಕ್ಕೆ ಮಂಕಾದೊಡನೆ ಹಿಡಿದ ಸನ್ನೆಯನ್ನು ಬಿಟ್ಟರೆ ಗುಟುಕು ನೀರು. ಅಷ್ಟರಲ್ಲಿ ಕೂದಲೆಳೆಯಂಥ ತಂತಿಯೊಂದು ಅದರ ಮಿದುಳಿನ ಒಂದೊಂದೇ ನರಕೋಶದ ಮಿಡಿತವನ್ನು ಆಲಿಸುತ್ತಿತ್ತು. 1969ರಲ್ಲಿ ಪ್ರಕಟವಾದ ಫಲಿತಾಂಶ ಬೆರಗಿನದು. ನಿಂತ ಕಣ್ಣಿನ ಮುಂದೆ ಬೆಳಕು ಸರಿದರೂ, ನಿಂತ ಬೆಳಕಿನ ಮೇಲೆ ಕಣ್ಣು ಸರಿದರೂ, ಮಿದುಳಿನ ಹಿಂಬದಿಯ ಮೊದಲ ದೃಷ್ಟಿಕೇಂದ್ರದ ಕೋಶಗಳು ಒಂದೇ ರೀತಿ ಮಿಡಿದವು. ನಕಲು ಆ ಮೇಜಿಗೆ ಬಂದ ಸುಳಿವೇ ಇರಲಿಲ್ಲ! ಹುಡುಕಿದ್ದು ಸಿಗದಿದ್ದುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟರಲ್ಲ, ಅದು ನನಗೆ ಬಹಳ ಹಿಡಿಸಿತು.

ಮುಂದೆ ವುರ್ಟ್ಸ್ ಮತ್ತು ಮೈಕೆಲ್ ಗೋಲ್ಡ್‌ಬರ್ಗ್ ನಡುಮಿದುಳಿನ ಸಣ್ಣ ದಿಬ್ಬವೊಂದಕ್ಕೆ, ಅಂದರೆ ಸುಪೀರಿಯರ್ ಕಾಲಿಕ್ಯುಲಸ್‌ಗೆ, ತಂತಿ ಇಳಿಸಿದರು. ಅಲ್ಲಿನ ಕೆಲವು ಕೋಶಗಳು ಕಣ್ಣು ಜಿಗಿಯುವ ಮುನ್ನವೇ ಮಿಡಿಯುತ್ತಿದ್ದವು. ಇನ್ನು ಕೆಲವು, ಮಂಗ ನೋಡಲು ಹೊರಟ ಬೆಳಕಿಗೆ ಹೆಚ್ಚು ಬಲವಾಗಿ ಮಿಡಿದವು. 1992ರಲ್ಲಿ ಡ್ಯೂಹಾಮೆಲ್, ಕೋಲ್ಬಿ ಮತ್ತು ಗೋಲ್ಡ್‌ಬರ್ಗ್ ಮಿದುಳಿನ ಪಾರ್ಶ್ವಭಾಗದಲ್ಲಿ ಇನ್ನೂ ವಿಚಿತ್ರವಾದ ಕೋಶಗಳನ್ನು ಕಂಡರು: ಕಣ್ಣು ಇನ್ನೂ ಹೊರಟಿಲ್ಲ, ಹೊರಟ ಮೇಲೆ ತಮ್ಮ ಪಾಲಿಗೆ ಬೀಳಲಿರುವ ಜಾಗದ ಬೆಳಕಿಗೆ ಅವು ಆಗಲೇ ಓಗೊಡುತ್ತಿದ್ದವು.

ನಕಲು ಸಾಗುವ ಒಂದು ದಾರಿ ಸಿಕ್ಕಿದ್ದು 2002ರಲ್ಲಿ. ಆ ದಿಬ್ಬದಿಂದ ಥಲಮಸ್ ಮೂಲಕ ಮಿದುಳಿನ ಮುಂಭಾಗಕ್ಕೆ ಹೋಗುವ ದಾರಿಯದು. ಮಾರ್ಕ್ ಸಾಮರ್ ಮತ್ತು ವುರ್ಟ್ಸ್ ಅದರ ನಡುವಿನ ಠಾಣೆಯನ್ನು ಔಷಧದಿಂದ ಸ್ವಲ್ಪ ಹೊತ್ತು ಮಂಕಾಗಿಸಿದರು. ಎರಡು ಗುರಿಗಳನ್ನು ಕ್ಷಣಮಾತ್ರ ತೋರಿಸಿ ಆರಿಸಿದಾಗ ಮಂಗದ ಕಣ್ಣು ಮೊದಲನೆಯದಕ್ಕೆ ಸರಿಯಾಗಿಯೇ ಹಾರಿತು. ಆದರೆ ಆ ಜಿಗಿತದ ಲೆಕ್ಕ ಮುಂದಕ್ಕೆ ಪೂರ್ತಿ ತಲುಪಿರಲಿಲ್ಲ. ಎರಡನೆಯದು ಗುರಿಯಿಂದ ಪಕ್ಕಕ್ಕೆ ಸರಿಯಿತು.