ನಯವೆಂಬ ಕುಶಲತೆ

ಕನ್ನಡದಲ್ಲಿ ‘ನಯ’ ಎಂದರೆ ನುಣುಪು, ಮೃದುತ್ವ, ಸೌಜನ್ಯ. ಹದವಾಗಿ ಉಜ್ಜಿದ ಕಲ್ಲು ನಯ. ನೋಯಿಸದೆ ಆಡಿದ ಮಾತೂ ನಯ. ಜೈನ ದರ್ಶನದ ‘ನಯ’ವಾದರೋ ‘ಒಯ್ಯು’ ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದುದು. ವಸ್ತುವಿನ ಅನಂತ ಧರ್ಮಗಳಲ್ಲಿ ಒಂದನ್ನು ಮುಖ್ಯವಾಗಿಸಿ, ಉಳಿದವನ್ನು ನಿರಾಕರಿಸದೆ ಅರಿಯುವುದೇ ನಯ. ತತ್ತ್ವಾರ್ಥಸೂತ್ರವು ನೈಗಮದಿಂದ ಏವಂಭೂತದವರೆಗೆ ಏಳು ನಯಗಳನ್ನು ಹೇಳುತ್ತದೆ. ಉಳಿದ ಧರ್ಮಗಳನ್ನು ಅಲ್ಲಗಳೆದೊಡನೆ ಅದು ದುರ್ನಯವಾಗುತ್ತದೆ. ಎರಡೂ ಪದಗಳ ಮೂಲ ಬೇರೆಯಾದರೂ ಆಶಯ ಒಂದೇ: ಬೇಕಾದುದನ್ನು ಹಿಡಿಯುವಾಗ ಪಕ್ಕದ್ದನ್ನು ಮುರಿಯಬಾರದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಜೊತೆಯಿದೆ. 1687ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಶಿರಾದಂತಹ ಊರುಗಳ ಆಡಳಿತದಲ್ಲಿ ಪಾರಸಿ ಬಳಕೆಯಲ್ಲಿತ್ತು. ‘ನಾಜೂಕು’ ಪಾರಸಿ ಮೂಲದ ಪದ. ಕನ್ನಡವು ಅದನ್ನು ದೂರವಿಡದೆ ‘ನಯನಾಜೂಕು’ ಎಂಬ ಜೋಡುನುಡಿಯನ್ನೇ ಕಟ್ಟಿಕೊಂಡಿತು.

ಇದೇ ಸೀಮೆಯ ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ 1232ರಲ್ಲಿ, ಇರುಂಗೋಳನ ಆಳ್ವಿಕೆಯಲ್ಲಿ, ಗಂಗೇಯನ ಮಾರೆಯನು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ನೆರೆಯ ಅಮರಾಪುರದ 1278ರ ಶಾಸನವು ಬಸದಿಗೆ ಮಲ್ಲಿಸೆಟ್ಟಿ ಬಿಟ್ಟ 2000 ಅಡಕೆಮರಗಳನ್ನು ಹೇಳುತ್ತದೆ. ದಾನಿಗಳ ವಂಶ ಎಲ್ಲಿಗೆ ಸೇರಿತೋ, ಹೆಸರು ಮಾತ್ರ ಉಳಿದಿದೆ. ಉಳಿಸಿದ್ದು ಕಲ್ಲಿನ ಅಕ್ಷರ. 1904ರಲ್ಲಿ ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸುವಾಗ ಅಂತಹ ಅಕ್ಷರಗಳು ಓದುವಂತಿದ್ದುದರಿಂದಲೇ ಈ ಸೀಮೆಯ ಚರಿತ್ರೆ ನಮಗೆ ದೊರೆಯಿತು.

ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಮೇಲೆ ಸುಣ್ಣ, ಎಣ್ಣೆಬಣ್ಣ, ಸಿಮೆಂಟು ಬಿದ್ದರೆ ಒಂದು ದಿನದ ಕೆಲಸವು ಏಳು ಶತಮಾನಗಳ ಸಾಕ್ಷ್ಯವನ್ನು ಅಳಿಸಬಲ್ಲದು. ನಿತ್ಯಪೂಜೆಗೆ ಬಸದಿ ಸುಭದ್ರವಾಗಿರಬೇಕೆನ್ನುವ ಶ್ರಾವಕರ ಮಾತು ಒಂದು ನಯ. ಹಳೆಯದನ್ನು ಮುಟ್ಟಬಾರದೆನ್ನುವ ಚರಿತ್ರಕಾರರ ಮಾತು ಇನ್ನೊಂದು ನಯ. ತನ್ನದೇ ಪೂರ್ಣಸತ್ಯವೆಂದು ಹಟ ಹಿಡಿದರೆ ಎರಡೂ ದುರ್ನಯಗಳೇ. ಮೊದಲನೆಯದು ಗೆದ್ದರೆ ಶಾಸನ ಅಳಿಯುತ್ತದೆ. ಎರಡನೆಯದು ಗೆದ್ದರೆ ಸೋರುವ ಮಾಳಿಗೆಯಡಿ ಬಸದಿಯೇ ಅಳಿಯುತ್ತದೆ.

ಆದುದರಿಂದ ಟ್ರಸ್ಟುಗಳು ಕೆಲಸ ಆರಂಭಿಸುವ ಮುನ್ನ ಪ್ರತಿಯೊಂದು ಶಾಸನದ ಛಾಯಾಚಿತ್ರವನ್ನೂ ಪಾಠವನ್ನೂ ದಾಖಲಿಸಿ, ಪುರಾತತ್ತ್ವ ಇಲಾಖೆಯ ತಿಳಿದವರ ಸಲಹೆ ಪಡೆಯುವುದು ಉಚಿತ. ತಂತಿಬ್ರಷ್ಷು, ಆಮ್ಲ, ಮರಳುಸಿಡಿತಗಳಿಂದ ಅಕ್ಷರ ಸವೆಯುತ್ತದೆ. ಜೀವಿಯನ್ನು ನೋಯಿಸದಂತೆ ನಡೆಯಲು ಕಲಿಸಿದ ಧರ್ಮದವರಿಗೆ ಹಿರಿಯರ ದಾನದ ಮಾತನ್ನು ನೋಯಿಸದಂತೆ ಕೈಯಾಡಿಸುವುದು ಕಷ್ಟವಾಗಬೇಕಿಲ್ಲ.