ಸುಂಕದ ಕಟ್ಟೆಯಲ್ಲಿ ದೇವರ ಎತ್ತು

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ಹುಟ್ಟಿದ್ದು ಎತ್ತು ಹೊಡೆದುಕೊಂಡು ಊರೂರು ತಿರುಗಿದವರ ಬಾಯಲ್ಲೇ ಇರಬೇಕು. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ಬಿಲ್ಕೊಡೆ, ಕಿರುಕುಳ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಚಿಲ್ಲರೆ ಸುಂಕಕ್ಕೆ ಸಂಬಂಧಿಸಿದ 'ಕಿರುಕುಳ' ಇಂದು ಕಾಟ ಎಂಬ ಅರ್ಥದಲ್ಲಿ ಉಳಿದಿರುವುದನ್ನು ನೋಡಿದರೆ, ಕಟ್ಟೆ ದಾಟಿದವರ ಅನುಭವ ಎಂಥದ್ದೆಂದು ಊಹಿಸಬಹುದು.

ಆ ಕಾಲದ ಸುಂಕಕ್ಕೆ ಅಳತೆಗೋಲು ಹೇರು. ಎತ್ತಿನ ಹೇರು ಬೇರೆ, ಕತ್ತೆಯ ಹೇರು ಬೇರೆ. ಹಾಗಾಗಿ ಪ್ರಾಣಿ ಸುಂಕದವನ ಕಣ್ಣಿಗೆ ಬೀಳುತ್ತಿದ್ದುದು ಬೆನ್ನ ಮೇಲಿನ ಸರಕಿನ ಮೂಲಕ, ಇಲ್ಲವೇ ತಾನೇ ಮಾರಾಟದ ಸರಕಾಗಿ. ಹಾಗಾದರೆ ಹೇರು ಹೊರದ, ಮಾರಾಟಕ್ಕೂ ಅಲ್ಲದ, ಒಡೆಯನ ಜೊತೆ ಸುಮ್ಮನೆ ನಡೆದು ಬರುವ ಪ್ರಾಣಿಯನ್ನು ಗಡಿ ಹೇಗೆ ಕಾಣಬೇಕು? ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಇದು ಬರೀ ತರ್ಕದ ಪ್ರಶ್ನೆಯಲ್ಲ.

ಇಲ್ಲಿನ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಇವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಇವುಗಳ ಹಿಂದೆ ಅಡವಿಯಲ್ಲಿ ಅಲೆಯುವ ಕಾವಲುಗಾರನೇ ಕಿಲಾರಿ. ಸತ್ತ ಎತ್ತನ್ನು ಮನೆಯ ಹಿರಿಯರನ್ನು ಮಣ್ಣು ಮಾಡುವಂತೆ ವಿಧಿಪೂರ್ವಕ ಮಣ್ಣು ಮಾಡುತ್ತಾರೆ. ಮಳೆ ಕೈಕೊಟ್ಟರೆ ಹುಲ್ಲು ಇರುವ ಕಡೆಗೆ ಹಿಂಡು ಹೊರಡಲೇಬೇಕು. ಇದು ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ.

ಈ ದಾರಿಗಳ ಮೇಲೆ ಗೆರೆ ಬಿದ್ದದ್ದು ಹೀಗೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಚಿತ್ರದುರ್ಗದ ಸೀಮೆ ಮೈಸೂರಿಗೆ ಉಳಿಯಿತು. 1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಮೊಳಕಾಲ್ಮುರು ಒಂದು ಸರ್ಕಾರಕ್ಕೂ ಪಕ್ಕದ ರಾಯದುರ್ಗ ಇನ್ನೊಂದು ಸರ್ಕಾರಕ್ಕೂ ಸೇರಿದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ರಾಯದುರ್ಗ ಆಂಧ್ರದ ಪಾಲಾಯಿತು. ಹಳೆಯ ಗೆರೆ ಹೊಸ ಹೆಸರಿನಲ್ಲಿ ಅಲ್ಲೇ ನಿಂತಿತು. ಗೆರೆಯ ಎರಡೂ ಕಡೆ ಅದೇ ಕುಲದವರು, ಅದೇ ದೇವರುಗಳು, ಕನ್ನಡ ತೆಲುಗು ಎರಡನ್ನೂ ಆಡುವ ನಾಲಗೆಗಳು.

ಮೈಸೂರಿನ ಒಳಗಿನ ಸುಂಕಗಳಾದರೂ ಕಡಿಮೆಯಿರಲಿಲ್ಲ. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವೆಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಅವುಗಳಲ್ಲಿ ಒಂದಂತೂ ವಿಚಿತ್ರ: ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಾಗ ಅದನ್ನು ಹುಡುಕಿಕೊಡದೆ ಹೋದ ಪೂರ್ವಿಕರ ತಪ್ಪಿಗೆ ಇಡೀ ಊರು ತಲೆಮಾರುಗಟ್ಟಲೆ ತೆರಿಗೆ ತೆರುತ್ತಿತ್ತು. ಕುದುರೆ ಯಾವತ್ತೋ ಸತ್ತಿರಬೇಕು, ವಸೂಲಿ ಮಾತ್ರ ಸಾಯಲಿಲ್ಲ.

ಅದೇ ನೆಲದಲ್ಲಿ ದೊರೆಯ ದನಗಳಿಗೆ ಬೇರೆ ನ್ಯಾಯ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು, ಹುಕುಂನಾಮೆ ಹೊರಡಿಸಿ, ಕಾವಲುಗಳನ್ನು ಬಿಗಿಗೊಳಿಸಿದ. ಈ ಎತ್ತುಗಳ ಬಲದಿಂದ ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದನೆಂಬ ಮಾತು ಗೆಜೆಟಿಯರಿನಲ್ಲಿದೆ. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಹಿಂಡನ್ನೇ ಮಾರಿಸಿದ. ಕೆಲವು ಈಜಿಪ್ಟಿನ ಪಾಷಾನ ಪಾಲಾಗಿ ಸಮುದ್ರವನ್ನೇ ದಾಟಿದವು. ತಪ್ಪು ಬೇಗನೆ ಅರಿವಾಗಿ, ಕೆಲವೇ ವರ್ಷಗಳಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು.

ಆಮೇಲೆ ಗಡಿಯ ಚಿಂತೆಯೇ ಬದಲಾಯಿತು. ಹಣದ ಜಾಗಕ್ಕೆ ರೋಗ ಬಂತು. 1898ರ ಜಾನುವಾರು ಆಮದು ಕಾಯ್ದೆ ಹುಟ್ಟಿದ್ದು ಹೊರಗಿನಿಂದ ಬರುವ ಪ್ರಾಣಿಗಳ ಜೊತೆ ಸೋಂಕು ಒಳಬಾರದಂತೆ ತಡೆಯಲು. ಅದರಲ್ಲಿ ಅನ್ಯಾಯವೇನೂ ಇಲ್ಲ. ದೊಡ್ಡರೋಗ ಹೊಕ್ಕ ಹಟ್ಟಿಯಲ್ಲಿ ದನಗಳು ಸಾಲಾಗಿ ಬೀಳುತ್ತಿದ್ದವು. ಲೋಕ ಅದರಿಂದ ಪೂರ್ತಿ ಮುಕ್ತವಾದದ್ದು 2011ರಲ್ಲಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆ ರಾಜ್ಯಗಳಿಗೆ ತಪಾಸಣಾ ಠಾಣೆ ತೆರೆಯುವ ಅಧಿಕಾರ ಕೊಟ್ಟಿದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆ, ಸಾಗಣೆಗಳು ನಿಂತವು.

ಇಂದು ವಿದೇಶದಲ್ಲಿ ನೆಲೆಸಿದ್ದ ಕನ್ನಡದ ಕುಟುಂಬವೊಂದು ನಾಯಿಯ ಜೊತೆ ಬೆಂಗಳೂರಿಗೆ ಮರಳುವುದಾದರೆ ಪಶುವೈದ್ಯರ ಪ್ರಮಾಣಪತ್ರ, ರೇಬೀಸ್ ಲಸಿಕೆಯ ದಾಖಲೆ, ಪ್ರಾಣಿ ಕ್ವಾರಂಟೈನ್ ಕೇಂದ್ರದ ನಿರಾಕ್ಷೇಪಣಾ ಪತ್ರ ಎಲ್ಲ ಬೇಕು. ವಾಸ ಬದಲಿಸಿ ಬರುವವರಿಗೆ ಎರಡು ಸಾಕುಪ್ರಾಣಿಗಳವರೆಗೆ ಅವಕಾಶವಿದೆ. ಕಾಗದ ಹೆಚ್ಚಾದರೂ ನಾಯಿ ಮನೆ ಸೇರುತ್ತದೆ. ಏಕೆಂದರೆ ಪ್ರಾಣಿಗೊಬ್ಬ ಮಾಲೀಕ, ಮಾಲೀಕನಿಗೊಂದು ವಿಳಾಸ ಇದೆ ಎಂದು ಆ ಕಾಗದ ನಂಬುತ್ತದೆ. ಆ ಕುಟುಂಬಕ್ಕೆ ಎರಡೂ ಇವೆ.

ಕಿಲಾರಿಯ ಪಾಡು ಹಾಗಲ್ಲ. ಮಾಲೀಕ ಯಾರೆಂದು ಕೇಳಿದರೆ ಅವನು ದೇವರ ಹೆಸರು ಹೇಳಬೇಕು. ವಿಳಾಸ ಕೇಳಿದರೆ ಹುಲ್ಲು ಎಲ್ಲಿದೆಯೋ ಅಲ್ಲಿ ಎನ್ನಬೇಕು. ಸುಂಕದ ಪಟ್ಟಿಯಲ್ಲಿ ಅವನ ಎತ್ತು ಸರಕಲ್ಲ, ದೊರೆಯ ದಫ್ತರದಲ್ಲಿ ಸೇನೆಯ ಸೊತ್ತಲ್ಲ, ವಿಮಾನ ನಿಲ್ದಾಣದ ಅರ್ಥದಲ್ಲಿ ಸಾಕುಪ್ರಾಣಿಯೂ ಅಲ್ಲ. ಸೋಂಕು ತಡೆಯುವ ಕಾಯ್ದೆ ಬೇಕು, ನಿಜ. ಆದರೆ ಲಸಿಕೆ ಹಟ್ಟಿಗೆ ನಡೆದು ಬರುವ ಮೊದಲೇ ತಡೆ ದಾರಿಗೆ ಬಂದರೆ ಹಿಂಡು ರೋಗದ ಬದಲು ಹಸಿವಿನಿಂದ ಸಾಯುತ್ತದೆ.

ಈಗ ಗಡಿ ರಾಜ್ಯದ ಅಂಚಿನಲ್ಲಷ್ಟೇ ಇಲ್ಲ. 2009ರ ನಂತರ ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ಗೋಡೆಗಳು ಎದ್ದವು, ಊರವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ದೇಶಕ್ಕೆ ಆ ಸಂಸ್ಥೆಗಳ ಅಗತ್ಯವಿದೆ ಎಂಬುದನ್ನು ಒಪ್ಪಿಕೊಂಡರೂ, ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದ ದನ ಕುರಿಗಳ ಹಕ್ಕು ಯಾವ ಕಡತದಲ್ಲಿದೆ ಎಂದು ಕೇಳುವುದು ತಪ್ಪಾಗದು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಅದನ್ನು ಲೋಕಕ್ಕೆ ತೋರಿಸಿದರು. ತಂದೆತಾಯಿಯ ಮಾತು ಕೇಳಬೇಕು ಎಂಬುದರ ಜೊತೆಗೇ ಜೀವಿಗಳ ಬಗ್ಗೆ ಗೌರವ ದೃಢವಾಗಿರಬೇಕು ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಅದನ್ನು ಕಳಿಸಿದ್ದು ಇಸಿಲದ ಅಧಿಕಾರಿಗಳಿಗೆ, ಅಂದರೆ ಈ ನೆಲದಲ್ಲಿ ಆಳುವವರ ಪರವಾಗಿ ಕೂತಿದ್ದವರಿಗೆ.