ಹಿಡಿಯ ಮೇಲಿನ ಅಕ್ಷರ

ಮೂವತ್ತೈದು ವರ್ಷ ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ ಮಾಡಿದವನಿಗೆ ಬೆಳ್ಳಿ ಕಂಡರೆ ಮೊದಲು ನೆನಪಾಗುವುದು ತೂಕ, ಆಮೇಲೆ ದರ. ಮಗಳ ಮನೆಗೆಂದು ಅಮೆರಿಕದ ಬಾಸ್ಟನ್‌ಗೆ ಹೋದಾಗ, ಅಲ್ಲಿನ ಮ್ಯೂಸಿಯಂನಲ್ಲಿ ಹಳೇ ಬೆಳ್ಳಿ ಸಾಮಾನಿನ ಮುಂದೆ ನಿಂತಾಗಲೂ ಹಾಗೇ ಆಯ್ತು. ಆ ಕಾಲದ ಚಮಚಗಳೇ ಮನೆಯವರ ಬ್ಯಾಂಕು ಅಂತ ಗೊತ್ತಾದದ್ದು ಆಮೇಲೆ.

ಬಾಸ್ಟನ್ನಿನಲ್ಲಿ ಮ್ಯಾಸಚೂಸೆಟ್ಸ್ ಬ್ಯಾಂಕ್ ಶುರುವಾದದ್ದು 1784ರಲ್ಲಿ. ಅದಕ್ಕೂ ಮುಂಚೆ ಕೈಯಲ್ಲಿ ನಾಲ್ಕು ಬೆಳ್ಳಿ ನಾಣ್ಯ ಉಳಿದವರು ಅಕ್ಕಸಾಲಿಗನಿಗೆ ಕೊಟ್ಟು, ಕರಗಿಸಿ, ಚಮಚ ಮಾಡಿಸುತ್ತಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಪಾಲ್ ರಿವೀರ್ ಕೂಡ ಇಂಥ ಬೆಳ್ಳಿ ಕೆಲಸದವನೇ. ನಾಣ್ಯ ಕಳುವಾದರೆ ನನ್ನದು ಅಂತ ತೋರಿಸುವುದು ಹೇಗೆ? ಚಮಚದ ಮೇಲಾದರೆ ಅಕ್ಷರ ಇರುತ್ತದೆ. ಕಷ್ಟ ಬಂದರೆ ಮತ್ತೆ ಕರಗಿಸಿದರಾಯ್ತು.

ಈ ಬೆಳ್ಳಿಗೆ ‘ಕಾಯಿನ್ ಸಿಲ್ವರ್’ ಅಂತಲೇ ಹೆಸರು. ಸಾವಿರಕ್ಕೆ ಸುಮಾರು 900 ಪಾಲು ಶುದ್ಧ ಬೆಳ್ಳಿ. 1851ರಲ್ಲಿ ಟಿಫನಿ, 1868ರಲ್ಲಿ ಗೋರಮ್ ಕಂಪನಿಗಳು 925ರ ಸ್ಟರ್ಲಿಂಗ್ ಹಿಡಿದ ಮೇಲೆ ಅದು ಹಿಂದೆ ಸರಿಯಿತು.

ಎಷ್ಟೋ ಚಮಚಗಳ ಹಿಡಿಯ ಮೇಲೆ ತ್ರಿಕೋನವಾಗಿ ಮೂರಕ್ಷರ: ಮೇಲೆ ಮನೆತನದ್ದು, ಕೆಳಗೆ ಗಂಡನದು, ಹೆಂಡತಿಯದು. ಹೆಣ್ಣುಮಗಳ ತವರಿನ ಅಕ್ಷರ ಇರುವವೂ ಉಂಟು. ವಂಶದ ಮೂಲ ಹುಡುಕುವವರಿಗೆ ಅದೊಂದು ದಾಖಲೆ. ಆದರೆ 1980ರ ಜನವರಿಯಲ್ಲಿ ಬೆಳ್ಳಿ ದರ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿದಾಗ ಅಮೆರಿಕದ ಎಷ್ಟೋ ಮನೆಗಳ ಬೆಳ್ಳಿ ಮೂಸೆಗೆ ಹೋಯ್ತು. ತೂಕಕ್ಕೆ ದುಡ್ಡು ಬಂತು, ಅಕ್ಷರಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಅವರನ್ನು ದೂರುವ ಹಕ್ಕು ನನಗಿಲ್ಲ. 1994ರಲ್ಲಿ ಡೊಂಬಿವಲಿಯಲ್ಲಿ ಮನೆ ಕೊಳ್ಳುವಾಗ ದುಡ್ಡು ಕಡಿಮೆ ಬಿತ್ತು. ಅಮ್ಮ ಊರಿಂದ ತಂದುಕೊಟ್ಟಿದ್ದ, ಮಗಳಿಗೆ ಹಾಲು ಕುಡಿಸಿದ್ದ ಬೆಳ್ಳಿ ಒಳಲೆಯನ್ನು ಬೇರೆ ಸಾಮಾನಿನ ಜೊತೆ ಝವೇರಿ ಬಜಾರಿನಲ್ಲಿ ಮಾರಿಬಿಟ್ಟೆ. ಅದರ ತಳದಲ್ಲಿ ‘ಸು’ ಅಂತ ಕೊರೆದಿತ್ತು. ಸುಬ್ಬಮ್ಮನೋ, ಸುಂದರಮ್ಮನೋ, ನಮ್ಮ ಕಡೆಯವರೋ, ಅಮ್ಮನ ತವರಿನವರೋ, ನಾನು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅಮ್ಮ ಇಲ್ಲ. ತೂಕ ಮಾತ್ರ ಇವತ್ತಿಗೂ ನೆನಪಿದೆ: 42 ಗ್ರಾಂ.

ಊರಲ್ಲಿರುವವರಿಗೆ ನನ್ನದೊಂದು ಮಾತು. ಅಟ್ಟದ ಮೇಲಿನ ಪಾತ್ರೆಪಗಡಿ ಮಾರುವುದಿದ್ದರೆ ಮಾರಿ, ಬೇಡ ಅನ್ನಲಾರೆ. ಆದರೆ ತಕ್ಕಡಿಗೆ ಹಾಕುವ ಮೊದಲು ತಿರುಗಿಸಿ ನೋಡಿ. ಅಕ್ಷರವಿದ್ದರೆ ಯಾರದೆಂದು ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.